ಪ್ರಶ್ನೆ ಕೇಳಲು ಕಲಿಸಿದ ತರುಣ ಗುರು: ಹೆನ್ರಿ ಡಿರೋಜಿಯೊ



ಕಳೆದ ಪರೀಕ್ಷೆಯ ದಿನಗಳಲ್ಲಿ ಒಂದು ಸಂಜೆ, ಸಾಮೂಹಿಕ ಪ್ರಾರ್ಥನೆ ಮುಗಿದ ಮೇಲೆ, ಶ್ರೀಮಠದ ಉಚಿತ ಪ್ರಸಾದ ನಿಲಯದ ಕಡೆಗೆ ಹೋಗಿದ್ದೆವು. ಹತ್ತನೆಯ ತರಗತಿಯ ಬಾಲಕನೊಬ್ಬ ಕಣ್ಣು ಮುಚ್ಚಿಕೊಂಡು ಇತಿಹಾಸದ ಪಾಠವನ್ನು ಬಾಯಿಪಾಠ ಮಾಡುತ್ತಿದ್ದ. ಯುವ ಬಂಗಾಳ ಚಳವಳಿಗೆ ಕಾರಣರಾದವರು ಹೆನ್ರಿ ಡಿರೋಜಿಯೊ, ಅವರು ವಿದ್ಯಾರ್ಥಿಗಳಲ್ಲಿ ವಿಚಾರಶಕ್ತಿಯನ್ನು ಬೆಳೆಸಿದರು ಎಂಬುದನ್ನು ಅವನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ. ವಿಚಾರಶಕ್ತಿ ಎಂದರೇನಪ್ಪಾ ಎಂದು ಕೇಳಿದೆವು. ಅವನು ಎದ್ದು ನಿಂತು ಅದೇ ವಾಕ್ಯವನ್ನು ಇನ್ನೊಮ್ಮೆ ಒಪ್ಪಿಸಿದ.

ಮನಸ್ಸಿಗೆ ಬಂದ ಪ್ರಶ್ನೆಯನ್ನು ಅಂಜದೆ ಕೇಳುವುದು, ದೊರೆತ ಉತ್ತರವನ್ನು ತೂಗಿ ನೋಡಿ ಒಪ್ಪುವುದು ಅಥವಾ ಬಿಡುವುದು, ಅದೇ ವಿಚಾರಶಕ್ತಿ ಎಂದು ತಿಳಿಸಿ ಹೇಳಿದೆವು. ಹಾಗಾದರೆ ಒಂದು ಮಾತು ಕೇಳಬಹುದೇ ಎಂದ. ಜಾತಿಭೇದ, ಪಂಗಡಭೇದ ಸಲ್ಲದೆಂದು ಪ್ರಾರ್ಥನೆಯ ವೇಳೆ ದಿನವೂ ಹೇಳಿಕೊಡುತ್ತೀರಿ, ಪ್ರಸಾದ ನಿಲಯದ ಪ್ರವೇಶದ ಅರ್ಜಿಯಲ್ಲಿ ಮಾತ್ರ ಒಳಪಂಗಡವನ್ನು ಏಕೆ ಬರೆಯಿಸಿಕೊಳ್ಳುತ್ತೀರಿ ಎಂಬುದು ಅವನ ಪ್ರಶ್ನೆ. ಅದನ್ನೆಲ್ಲ ದೊಡ್ಡವರು ನೋಡಿಕೊಳ್ಳುತ್ತಾರೆ, ನೀನು ಮೊದಲು ಪರೀಕ್ಷೆಗೆ ಓದು ಎಂದು ಹೇಳಿ ಹಿಂದಿರುಗಿದೆವು.

ಕೋಣೆಗೆ ಬಂದ ಮೇಲೆ ಮನಸ್ಸು ನಿಲ್ಲಲಿಲ್ಲ. ಯಾರ ಹೆಸರನ್ನು ಆ ಬಾಲಕ ಅಂಕಗಳಿಗಾಗಿ ಕಲಿಯುತ್ತಿದ್ದನೋ ಆ ಗುರುವಿನ ಬದುಕನ್ನು ನಾವು ಎಷ್ಟು ತಿಳಿದಿದ್ದೇವೆ ಎಂಬ ಅಳುಕು ಉಂಟಾಯಿತು. ಮುಂದಿನ ಕೆಲವು ದಿನಗಳಲ್ಲಿ ಓದಿ ತಿಳಿದುದನ್ನು ಸದ್ಭಕ್ತರ ಮುಂದಿಡುತ್ತಿದ್ದೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹೆನ್ರಿ ಲೂಯಿ ವಿವಿಯನ್ ಡಿರೋಜಿಯೊ ಅವರು 1809ರ ಏಪ್ರಿಲ್ 18ರಂದು ಕಲ್ಕತ್ತೆಯಲ್ಲಿ ಜನಿಸಿದರು. ತಂದೆ ಫ್ರಾನ್ಸಿಸ್ ಡಿರೋಜಿಯೊ ಪೋರ್ಚುಗೀಸ್ ಮತ್ತು ಭಾರತೀಯ ಮೂಲಗಳು ಕೂಡಿದ ಮನೆತನದವರು, ಒಂದು ವ್ಯಾಪಾರಿ ಸಂಸ್ಥೆಯಲ್ಲಿ ಕೆಲಸದಲ್ಲಿದ್ದರು. ಚಿಕ್ಕಂದಿನಲ್ಲಿಯೇ ಹೆನ್ರಿ ತಾಯಿಯನ್ನು ಕಳೆದುಕೊಂಡರು. ಇಂಗ್ಲಿಷರು ಇಂಥ ಮನೆತನದವರನ್ನು ತಮ್ಮವರೆಂದು ಎಣಿಸುತ್ತಿರಲಿಲ್ಲ, ಭಾರತೀಯರೂ ತಮ್ಮವರೆಂದು ಬಗೆಯುತ್ತಿರಲಿಲ್ಲ. ಆದರೂ ಡಿರೋಜಿಯೊ ಅವರು ಭಾರತವನ್ನೇ ತಮ್ಮ ತಾಯ್ನಾಡೆಂದು ತಿಳಿದು ಅದನ್ನು ಕುರಿತು ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆದರು.

ಅವರಿಗೆ ದೊರೆತ ಗುರು ಡೇವಿಡ್ ಡ್ರಮಂಡ್ ಎಂಬ ಸ್ಕಾಟ್ಲೆಂಡಿನವರು. ಧರ್ಮತಲಾ ಎಂಬಲ್ಲಿ ಅವರು ನಡೆಸುತ್ತಿದ್ದ ಶಾಲೆಯಲ್ಲಿ ಯುರೋಪಿಯನ್ನರ, ಮಿಶ್ರ ಮೂಲದವರ ಮತ್ತು ಭಾರತೀಯರ ಮಕ್ಕಳು ಒಟ್ಟಿಗೆ ಕುಳಿತು ಕಲಿಯುತ್ತಿದ್ದರು. ಡ್ರಮಂಡ್ ಸ್ವತಂತ್ರ ವಿಚಾರದ ವ್ಯಕ್ತಿ, ಕವಿಯೂ ಹೌದು. ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪಬಾರದೆಂಬ ಬೀಜ ಈ ಶಾಲೆಯಲ್ಲಿ ಹೆನ್ರಿಯವರ ಮನಸ್ಸಿಗೆ ಬಿದ್ದಿತು. ಪ್ರಶ್ನೆಯನ್ನು ಸಹಿಸುವ ಒಬ್ಬ ಗುರುವಿನಿಂದಲೇ ಅಂಥ ಮತ್ತೊಬ್ಬ ಗುರು ಮೂಡಿಬರುತ್ತಾನೆ ಎಂಬುದಕ್ಕೆ ಇದೊಂದು ನಿದರ್ಶನ.

ಹದಿನಾಲ್ಕನೆಯ ವಯಸ್ಸಿಗೆ ಶಾಲೆಯ ಓದು ಮುಗಿಯಿತು. ಕೆಲಕಾಲ ಗುಮಾಸ್ತರಾಗಿ ದುಡಿದರು. ಅದು ಹಿಡಿಸದೆ ಭಾಗಲ್ಪುರದಲ್ಲಿ ಬಂಧುವೊಬ್ಬರ ನೀಲಿ ತಯಾರಿಕೆಯ ಕಾರ್ಖಾನೆಗೆ ಹೋದರು. ಅಲ್ಲಿ ಗಂಗಾನದಿಯ ಸಾನ್ನಿಧ್ಯ ಅವರನ್ನು ಕವಿಯನ್ನಾಗಿ ಮಾಡಿತು. ನದಿಯ ನಡುವಿನ ಒಂದು ಬಂಡೆಗುಡ್ಡವನ್ನು ಕಂಡು ಹುಟ್ಟಿದ ಕಲ್ಪನೆಯೇ 1828ರಲ್ಲಿ ಪ್ರಕಟವಾದ ಜಂಘೀರಾದ ಫಕೀರನನ್ನು ಕುರಿತ ಅವರ ದೀರ್ಘ ಕಾವ್ಯ. ಸಹಗಮನಕ್ಕೆ ಸಿದ್ಧಳಾದ ವಿಧವೆಯೊಬ್ಬಳನ್ನು ಚಿತೆಯಿಂದ ಪಾರು ಮಾಡುವ ಕಥೆ ಅದರಲ್ಲಿದೆ. 1829ರ ಡಿಸೆಂಬರ್ 4ರಂದು ಸಹಗಮನ ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂದಾಗ ಅದನ್ನು ಸ್ವಾಗತಿಸಿ ಅವರು ಕವಿತೆ ಬರೆದರು.

ಹಿಂದೂ ಕಾಲೇಜಿನ ಅಧ್ಯಾಪಕ

1826ರಲ್ಲಿ, ಕೇವಲ ಹದಿನೇಳನೆಯ ವಯಸ್ಸಿನಲ್ಲಿ, ಡಿರೋಜಿಯೊ ಅವರು ಕಲ್ಕತ್ತೆಯ ಹಿಂದೂ ಕಾಲೇಜಿಗೆ ಇಂಗ್ಲಿಷ್ ಸಾಹಿತ್ಯ ಮತ್ತು ಇತಿಹಾಸದ ಅಧ್ಯಾಪಕರಾಗಿ ಬಂದರು. ಅವರ ವಿದ್ಯಾರ್ಥಿಗಳಲ್ಲಿ ಹಲವರು ಅವರಿಗಿಂತ ನಾಲ್ಕೈದು ವರ್ಷಗಳಷ್ಟೇ ಚಿಕ್ಕವರು.

ಈ ಕಾಲೇಜಿನ ಬಗೆಗೆ ಎರಡು ಮಾತು ಹೇಳಬೇಕು. 1817ರ ಜನವರಿ 20ರಂದು ಅದು ಪ್ರಾರಂಭವಾಯಿತು. ಅದನ್ನು ಕಟ್ಟಿದವರು ಸರಕಾರದವರಲ್ಲ. ಕಲ್ಕತ್ತೆಯ ಗಣ್ಯ ಹಿಂದೂ ಮನೆತನದವರು ತಮ್ಮ ಮಕ್ಕಳಿಗೆ ಹೊಸ ವಿದ್ಯೆ ದೊರೆಯಲೆಂದು ಸ್ವಂತ ಹಣ ಹಾಕಿ ಕಟ್ಟಿದ ಸಂಸ್ಥೆ ಅದು. ಗಡಿಯಾರದ ಕಸುಬಿನ ಡೇವಿಡ್ ಹೇರ್ ಎಂಬ ಮಹನೀಯರು ಅವರಿಗೆ ಬೆನ್ನೆಲುಬಾಗಿ ನಿಂತಿದ್ದರು. ಸಮಾಜದ ಹಿರಿಯರು ಕಾಣಿಕೆ ಕೂಡಿಸಿ ಕಟ್ಟುವ ವಿದ್ಯಾಸಂಸ್ಥೆ ಎಂದರೆ ಏನೆಂಬುದು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಮುಂದೆ ಬರುವ ಪ್ರಸಂಗವನ್ನು ಓದುವಾಗ ಈ ಸಂಗತಿ ನೆನಪಿನಲ್ಲಿರಲಿ.

ಡಿರೋಜಿಯೊ ಅವರು ಪಾಠ ಹೇಳುತ್ತಿದ್ದ ಕ್ರಮವೇ ಬೇರೆ. ಪುಸ್ತಕದಲ್ಲಿದ್ದುದನ್ನು ಹೇಳಿಕೊಟ್ಟು ಒಪ್ಪಿಸಿಕೊಳ್ಳುವುದರಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಒಂದು ವಿಷಯದ ಪರವಾಗಿ ಏನನ್ನು ಹೇಳಬಹುದು, ವಿರೋಧವಾಗಿ ಏನನ್ನು ಹೇಳಬಹುದು ಎಂಬ ಎರಡನ್ನೂ ಅವರು ವಿದ್ಯಾರ್ಥಿಗಳ ಮುಂದೆ ಸಮನಾಗಿ ಇಡುತ್ತಿದ್ದರು. ದೇವರ ಅಸ್ತಿತ್ವದ ಬಗೆಗೆ ಸಂದೇಹ ಎತ್ತಿದ ಡೇವಿಡ್ ಹ್ಯೂಮ್ ಎಂಬ ತತ್ತ್ವಜ್ಞಾನಿಯ ವಾದವನ್ನು ಓದಿಸಿದರೆ, ಅದಕ್ಕೆ ಥಾಮಸ್ ರೀಡ್ ಮತ್ತು ಡುಗಲ್ಡ್ ಸ್ಟುವರ್ಟ್ ಎಂಬ ತತ್ತ್ವಜ್ಞಾನಿಗಳು ಕೊಟ್ಟ ಸಮಾಧಾನವನ್ನೂ ಓದಿಸುತ್ತಿದ್ದರು. ತೀರ್ಮಾನ ಮಾತ್ರ ವಿದ್ಯಾರ್ಥಿಯದು. ಒಂದೇ ಪಕ್ಷವನ್ನು ಬಲ್ಲವನು ಯಾವುದನ್ನೂ ಬಲ್ಲವನಲ್ಲ ಎಂಬುದು ಅವರ ಬೋಧನೆಯ ತಿರುಳು.

ತರಗತಿಯ ವೇಳೆ ಮುಗಿದರೂ ಚರ್ಚೆ ಮುಗಿಯುತ್ತಿರಲಿಲ್ಲ. ವಿದ್ಯಾರ್ಥಿಗಳು ಗುರುಗಳ ಮನೆಗೆ ಹೋಗುತ್ತಿದ್ದರು, ಜೊತೆಯಲ್ಲಿ ಓದುತ್ತಿದ್ದರು. 1828ರಲ್ಲಿ ಅಕಾಡೆಮಿಕ್ ಅಸೋಸಿಯೇಷನ್ ಎಂಬ ಚರ್ಚಾಕೂಟ ರೂಪುಗೊಂಡಿತು. ಶ್ರೀಕೃಷ್ಣ ಸಿಂಹ ಎಂಬ ಗಣ್ಯರ ಮಾಣಿಕ್‌ತಲಾದ ತೋಟದ ಮನೆಯಲ್ಲಿ ಅದರ ಸಭೆಗಳು ಸೇರುತ್ತಿದ್ದವು. ವಿಧಿ ದೊಡ್ಡದೋ ಮನುಷ್ಯಪ್ರಯತ್ನ ದೊಡ್ಡದೋ, ಸದ್ಗುಣವೆಂದರೇನು, ದೇಶಪ್ರೇಮವೆಂದರೇನು, ವಿಗ್ರಹಾರಾಧನೆ ಸರಿಯೇ, ಪುರೋಹಿತಶಾಹಿ ಬೇಕೇ, ದೇವರಿದ್ದಾನೆಂಬುದಕ್ಕೆ ಆಧಾರವೇನು ಎಂಬ ವಿಷಯಗಳೆಲ್ಲ ಅಲ್ಲಿ ಚರ್ಚೆಗೆ ಬಂದವು. ಡೇವಿಡ್ ಹೇರ್ ಅವರಂಥ ಹಿರಿಯರೂ ಬಂದು ಕುಳಿತು ಹುಡುಗರ ಮಾತನ್ನು ಆಲಿಸುತ್ತಿದ್ದರು.

ಈ ಶಿಕ್ಷಣದ ಫಲವಾಗಿ ವಿದ್ಯಾರ್ಥಿಗಳಲ್ಲಿ ಬೆಳೆದ ಮೊದಲ ಗುಣ ಸತ್ಯನಿಷ್ಠೆ. ಕಾಲೇಜಿನ ಹುಡುಗನೆಂದರೆ ಸುಳ್ಳಾಡುವವನಲ್ಲ ಎಂಬ ಮಾತು ಕಲ್ಕತ್ತೆಯಲ್ಲಿ ರೂಢಿಗೆ ಬಂದಿತು. ರಸಿಕ ಕೃಷ್ಣ ಮಲ್ಲಿಕ್ ಎಂಬ ಶಿಷ್ಯನು ನ್ಯಾಯಾಲಯಕ್ಕೆ ಸಾಕ್ಷಿಯಾಗಿ ಹೋದಾಗ ಗಂಗಾಜಲದ ಮೇಲೆ ಪ್ರಮಾಣ ಮಾಡಲು ಒಪ್ಪಲಿಲ್ಲ. ಗಂಗೆಯ ಪಾವಿತ್ರ್ಯದಲ್ಲಿ ತನಗೆ ನಂಬಿಕೆಯಿಲ್ಲವೆಂದು ತುಂಬಿದ ಸಭೆಯಲ್ಲಿಯೇ ಹೇಳಿದ. ನಂಬದ ವಸ್ತುವಿನ ಮೇಲೆ ಆಣೆಯಿಟ್ಟು ಸಾಕ್ಷಿ ನುಡಿಯುವುದು ಅವನಿಗೆ ಸಲ್ಲದ ಮಾತಾಗಿ ಕಂಡಿತ್ತು.

ಊರಿನ ಕೋಪ

ತರುಣರ ನಡತೆಯಲ್ಲಿ ದೋಷಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಕೆಲವರು ಮನೆಯ ಹಿರಿಯರನ್ನು ನೋಯಿಸುವುದಕ್ಕೆಂದೇ ನಿಷಿದ್ಧ ಆಹಾರವನ್ನು ತಿಂದರು, ಮದ್ಯಪಾನ ಮಾಡಿದರು. ಪ್ರಾರ್ಥನೆಯ ಹೊತ್ತಿನಲ್ಲಿ ಮಂತ್ರಗಳಿಗೆ ಬದಲಾಗಿ ಇಲಿಯಡ್ ಕಾವ್ಯದ ಸಾಲುಗಳನ್ನು ಹೇಳುತ್ತಿದ್ದರೆಂದು ಆಗಿನವರು ಬರೆದಿಟ್ಟಿದ್ದಾರೆ. ಹಳೆಯ ಕಟ್ಟನ್ನು ಮುರಿಯುವುದೇ ವಿಚಾರವೆಂದು ಅವರು ಭ್ರಮಿಸಿದರು. ವಿಚಾರ ಮಾಡುವವನು ತನ್ನ ವರ್ತನೆಯನ್ನೂ ವಿಚಾರಕ್ಕೆ ಒಡ್ಡಿಕೊಳ್ಳಬೇಕೆಂಬ ಮುಂದಿನ ಪಾಠ ಅವರಲ್ಲಿ ಕೆಲವರಿಗೆ ಆಗ ಇನ್ನೂ ಹಿಡಿದಿರಲಿಲ್ಲ.

ಊರಿನಲ್ಲಿ ಗುಲ್ಲೆದ್ದಿತು. ನಡೆದುದಕ್ಕಿಂತ ನಡೆಯದ ಸಂಗತಿಗಳೇ ಹೆಚ್ಚಾಗಿ ಮನೆಯಿಂದ ಮನೆಗೆ ಹರಡಿದವು. ಗುರುವೇ ನಾಸ್ತಿಕ, ತಂದೆತಾಯಿಗಳ ಮಾತು ಮೀರಲು ಹೇಳಿಕೊಡುತ್ತಾನೆ, ಒಡಹುಟ್ಟಿದವರು ಪರಸ್ಪರ ಮದುವೆಯಾದರೂ ತಪ್ಪಿಲ್ಲವೆಂದು ಬೋಧಿಸುತ್ತಾನೆ ಎಂಬ ಆಡಬಾರದ ಮಾತುಗಳು ಹುಟ್ಟಿಕೊಂಡವು. ಹೆದರಿದ ಪೋಷಕರು ಮಕ್ಕಳನ್ನು ಕಾಲೇಜಿನಿಂದ ಬಿಡಿಸತೊಡಗಿದರು.

ಕೇಳದೆ ಕೊಟ್ಟ ತೀರ್ಪು

1831ರ ಏಪ್ರಿಲ್ 23ರಂದು ಆಡಳಿತ ಮಂಡಳಿಯ ಸಭೆ ಸೇರಿತು. ಆ ಸಭೆಯಲ್ಲಿ ಕುಳಿತಿದ್ದವರು ಸಾಮಾನ್ಯರಲ್ಲ, ದುಷ್ಟರೂ ಅಲ್ಲ. ರಾಧಾಕಾಂತ ದೇವ ಅವರು ಶಬ್ದಕಲ್ಪದ್ರುಮವೆಂಬ ಸಂಸ್ಕೃತ ಮಹಾಕೋಶವನ್ನು ಸಿದ್ಧಪಡಿಸಿದ ವಿದ್ವಾಂಸರು, ಹೆಣ್ಣುಮಕ್ಕಳು ಓದಬೇಕೆಂದವರು. ಆದರೆ ಸಹಗಮನದ ನಿಷೇಧವನ್ನು ವಿರೋಧಿಸಿದವರೂ ಅವರೇ. ರಾಮಕಮಲ ಸೇನ್ ಅವರು ಇಂಗ್ಲಿಷ್-ಬಂಗಾಳಿ ನಿಘಂಟನ್ನು ರಚಿಸಿದವರು. ಸಂಸ್ಕೃತ ಪಂಡಿತರಾದ ಎಚ್. ಎಚ್. ವಿಲ್ಸನ್, ಡೇವಿಡ್ ಹೇರ್, ತೋಟದ ಮನೆಯನ್ನು ಬಿಟ್ಟುಕೊಟ್ಟಿದ್ದ ಶ್ರೀಕೃಷ್ಣ ಸಿಂಹ ಇವರೂ ಇದ್ದರು.

ಆ ಸಭೆಯ ನಡಾವಳಿಯನ್ನು ನಾವು ಎರಡು ಬಾರಿ ಓದಿದೆವು. ಡಿರೋಜಿಯೊ ಅವರು ಬೋಧನೆಗೆ ಅಯೋಗ್ಯರೇ ಎಂಬ ಪ್ರಶ್ನೆಗೆ ಹೌದೆಂಬ ಬಹುಮತ ದೊರೆಯಲಿಲ್ಲ. ಅವರು ಅತ್ಯಂತ ಸಮರ್ಥ ಅಧ್ಯಾಪಕರೆಂದು ಹೇರ್ ಸ್ಪಷ್ಟವಾಗಿ ನುಡಿದರು. ಅವರ ಪಾಠದಿಂದ ಕೆಡುಕಾದುದನ್ನು ತಾವು ಕಂಡಿಲ್ಲವೆಂದು ವಿಲ್ಸನ್ ಹೇಳಿದರು. ಆಗ ಪ್ರಶ್ನೆಯನ್ನೇ ಬದಲಿಸಲಾಯಿತು. ಊರಿನ ಜನರ ಈಗಿನ ಮನಃಸ್ಥಿತಿಯನ್ನು ನೋಡಿ ಅವರನ್ನು ತೆಗೆಯುವುದು ಉಚಿತವೇ ಎಂದು ಕೇಳಲಾಯಿತು. ಇದು ಹಿಂದೂ ಸಮಾಜದ ಭಾವನೆಗೆ ಸಂಬಂಧಿಸಿದ ವಿಷಯವೆಂದು ಹೇರ್ ಮತ್ತು ವಿಲ್ಸನ್ ಮತ ಕೊಡದೆ ಉಳಿದರು. ಶ್ರೀಕೃಷ್ಣ ಸಿಂಹ ಒಬ್ಬರು ಬೇಡವೆಂದರು. ಉಳಿದವರು ತೆಗೆಯುವುದೇ ಸರಿಯೆಂದರು. ಯಾರ ಮೇಲೆ ತೀರ್ಪು ನಡೆಯಿತೋ ಅವರನ್ನು ಒಮ್ಮೆಯೂ ಕರೆದು ಕೇಳಲಿಲ್ಲ.

ವಿಲ್ಸನ್ ಅವರು ತಾವೇ ರಾಜೀನಾಮೆ ಕೊಡುವುದು ಲೇಸೆಂದು ಖಾಸಗಿಯಾಗಿ ತಿಳಿಸಿದರು. ಏಪ್ರಿಲ್ 25ರಂದು ಡಿರೋಜಿಯೊ ಅವರು ರಾಜೀನಾಮೆ ಬರೆದರು. ತಮ್ಮ ಮೇಲೆ ಆರೋಪವೇನೆಂದು ತಿಳಿಸದೆ, ಸಮರ್ಥನೆಗೆ ಅವಕಾಶ ಕೊಡದೆ, ವಿಚಾರಣೆಯ ಸೋಗನ್ನೂ ಮಾಡದೆ ತಮ್ಮನ್ನು ಹೊರಹಾಕಲಾಯಿತೆಂಬುದನ್ನು ಅದರಲ್ಲಿ ವಿನಯದಿಂದಲೇ ದಾಖಲಿಸಿದರು. ಇದಾದ ಮೇಲೆ ವಿಲ್ಸನ್ ಅವರು ಮೂರು ಪ್ರಶ್ನೆಗಳನ್ನು ಬರೆದು ಕಳಿಸಿದರು: ದೇವರಲ್ಲಿ ನಂಬಿಕೆಯಿದೆಯೇ, ತಂದೆತಾಯಿಗಳಿಗೆ ವಿಧೇಯರಾಗಿರುವುದು ಕರ್ತವ್ಯವೇ, ಒಡಹುಟ್ಟಿದವರ ವಿವಾಹವನ್ನು ಒಪ್ಪುತ್ತೀರಾ. ತೀರ್ಪಿಗಿಂತ ಮೊದಲು ಬರಬೇಕಾಗಿದ್ದ ಪ್ರಶ್ನೆಗಳು ತೀರ್ಪಿನ ಅನಂತರ ಬಂದವು.

ಏಪ್ರಿಲ್ 26ರ ಅವರ ಉತ್ತರ ಇಂದಿಗೂ ಲಭ್ಯವಿದೆ. ದೇವರಿಲ್ಲವೆಂದು ತಾವು ಯಾರ ಮುಂದೆಯೂ ಹೇಳಿಲ್ಲ, ಆದರೆ ಈ ವಿಷಯದಲ್ಲಿ ತತ್ತ್ವಜ್ಞಾನಿಗಳು ಎತ್ತಿದ ಸಂದೇಹಗಳನ್ನೂ ಅವುಗಳ ಪರಿಹಾರವನ್ನೂ ತಿಳಿಸಿರುವುದು ನಿಜ ಎಂದರು. ಎರಡು ಪಕ್ಷಗಳಲ್ಲಿ ಒಂದನ್ನು ಮುಚ್ಚಿಟ್ಟು ತರುಣರನ್ನು ಹಠಮಾರಿ ಅಜ್ಞಾನಿಗಳನ್ನಾಗಿ ಮಾಡುವುದು ಅಧ್ಯಾಪಕನ ಧರ್ಮವಲ್ಲವೆಂದು ವಾದಿಸಿದರು. ತಂದೆಯೊಡನೆ ಒರಟಾಗಿ ವರ್ತಿಸಿದ ಶಿಷ್ಯನೊಬ್ಬನನ್ನು ತಾವು ಗದರಿಸಿ, ಕ್ಷಮೆ ಬೇಡುವಂತೆ ಹೇಳಿದುದನ್ನು, ಮನೆ ಬಿಟ್ಟು ಬರುತ್ತೇನೆಂದ ಮತ್ತೊಬ್ಬನನ್ನು ತಡೆಯಲೆತ್ನಿಸಿದುದನ್ನು ಹೆಸರು ಸಹಿತ ತಿಳಿಸಿದರು. ಮೂರನೆಯ ಆರೋಪವನ್ನು ಅಸಂಬದ್ಧವೆಂದು ತಳ್ಳಿಹಾಕಿದರು. ತೀರ್ಪು ಮಾತ್ರ ಬದಲಾಗಲಿಲ್ಲ.

ಕೊನೆಯ ದಿನಗಳು

ಕೆಲಸ ಹೋದ ಮೇಲೆ ಅವರು ಎದೆಗುಂದಲಿಲ್ಲ. ತಮ್ಮ ಸಮುದಾಯದ ದನಿಯಾಗಿ ಈಸ್ಟ್ ಇಂಡಿಯನ್ ಎಂಬ ಪತ್ರಿಕೆಯನ್ನು ಹೊರಡಿಸಿದರು. ಶಿಷ್ಯರು ಗುರುವಿನ ಮನೆಗೆ ಬರುವುದನ್ನು ನಿಲ್ಲಿಸಲಿಲ್ಲ. ಗುರುವನ್ನು ತೆಗೆದುಹಾಕಿದುದರಿಂದ ತರುಣರ ಆವೇಶ ತಗ್ಗಲೂ ಇಲ್ಲ. ಆ ವರ್ಷದ ಆಗಸ್ಟಿನಲ್ಲಿ, ಕೃಷ್ಣಮೋಹನ ಬ್ಯಾನರ್ಜಿ ಎಂಬವರು ಮನೆಯಲ್ಲಿಲ್ಲದಾಗ ಅವರ ಗೆಳೆಯರು ಗೋಮಾಂಸ ತಿಂದು ಎಲುಬುಗಳನ್ನು ಪಕ್ಕದ ಬ್ರಾಹ್ಮಣರ ಮನೆಗೆ ಎಸೆದರು. ಆ ಅಪರಾಧಕ್ಕೆ ಕೃಷ್ಣಮೋಹನರು ಮನೆಯಿಂದಲೇ ಹೊರಬೀಳಬೇಕಾಯಿತು. ನೆರೆಯವರ ಮನಸ್ಸನ್ನು ಹೀಗೆ ಗಾಸಿಗೊಳಿಸುವುದನ್ನು ಯಾವ ವಿಚಾರವೂ ಸಮರ್ಥಿಸಲಾರದು. ಆದರೆ ಅವರನ್ನು ತಿದ್ದಬಲ್ಲ ಒಬ್ಬ ಗುರುವನ್ನು ಹಿರಿಯರೇ ತರಗತಿಯಿಂದ ದೂರ ಮಾಡಿದ್ದರು ಎಂಬುದನ್ನೂ ಮರೆಯುವಂತಿಲ್ಲ.

ಡಿಸೆಂಬರಿನಲ್ಲಿ ಡಿರೋಜಿಯೊ ಅವರಿಗೆ ಕಾಲರಾ ತಗಲಿತು. ತಂಗಿ ಮತ್ತು ಶಿಷ್ಯರು ಉಪಚರಿಸಿದರು. 1831ರ ಡಿಸೆಂಬರ್ 26ರಂದು ಅವರು ಕೊನೆಯುಸಿರೆಳೆದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಕಲ್ಕತ್ತೆಯ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಶಿಷ್ಯರು ಏನಾದರು

ಗುರುವಿನ ಬೋಧನೆ ಕೆಟ್ಟದ್ದೋ ಒಳ್ಳೆಯದ್ದೋ ಎಂಬುದನ್ನು ಶಿಷ್ಯರ ಬದುಕೇ ಹೇಳಬೇಕು. ರಾಧಾನಾಥ ಸಿಕ್ದಾರ್ ಅವರು ಭೂಮಾಪನ ಇಲಾಖೆ ಸೇರಿ, 1852ರಲ್ಲಿ ಜಗತ್ತಿನ ಅತ್ಯುನ್ನತ ಶಿಖರದ ಎತ್ತರವನ್ನು ಲೆಕ್ಕಹಾಕಿದರು. ಆ ಶಿಖರಕ್ಕೆ ಇಲಾಖೆಯ ಹಿಂದಿನ ಮುಖ್ಯಸ್ಥ ಎವರೆಸ್ಟ್ ಅವರ ಹೆಸರಾಯಿತು. ಇಲಾಖೆಯ ಕೂಲಿಗಳನ್ನು ಬಿಟ್ಟಿ ದುಡಿಸಿಕೊಂಡ ಇಂಗ್ಲಿಷ್ ಅಧಿಕಾರಿಯನ್ನು ಎದುರಿಸಿ ಸಿಕ್ದಾರ್ 200 ರೂಪಾಯಿ ದಂಡ ತೆತ್ತವರು. ಪ್ಯಾರಿಚಾಂದ್ ಮಿತ್ರರು ಬಂಗಾಳಿಯ ಮೊದಮೊದಲ ಕಾದಂಬರಿಗಳಲ್ಲಿ ಒಂದನ್ನು ಬರೆದರು. ಸಿಕ್ದಾರರೊಡನೆ ಸೇರಿ ಹೆಂಗಸರಿಗೂ ಅರ್ಥವಾಗುವ ಸರಳ ಭಾಷೆಯಲ್ಲಿ ಮಾಸಪತ್ರಿಕೆ ನಡೆಸಿದರು. ದಕ್ಷಿಣಾರಂಜನ ಮುಖರ್ಜಿಯವರು 1849ರಲ್ಲಿ ಆರಂಭವಾದ ಬೆಥೂನ್ ಹೆಣ್ಣುಮಕ್ಕಳ ಶಾಲೆಗೆ ನಿವೇಶನ ಕೊಟ್ಟರು. ಮನೆ ಬಿಡಬೇಡವೆಂದು ಡಿರೋಜಿಯೊ ತಿಳಿಹೇಳಿದ್ದು ಇವರಿಗೇ. ರಾಮತನು ಲಾಹಿರಿಯವರು ಉಪಾಧ್ಯಾಯರಾಗಿ ಬಾಳಿ, ನಂಬದ ಜನಿವಾರವನ್ನು 1851ರಲ್ಲಿ ತೆಗೆದಿಟ್ಟು, ಬಂದ ಕಷ್ಟವನ್ನೆಲ್ಲ ಶಾಂತವಾಗಿ ಅನುಭವಿಸಿದರು. ಕೃಷ್ಣಮೋಹನರು ಕ್ರೈಸ್ತರಾದರು. ಒಬ್ಬ ಗುರುವಿನ ಬಳಿ ಬೆಳೆದವರು ಹೀಗೆ ಬೇರೆ ಬೇರೆ ದಾರಿ ಹಿಡಿದರು. ತನ್ನ ಅಭಿಪ್ರಾಯವನ್ನು ಹೇರದೆ ವಿಚಾರಿಸುವುದನ್ನು ಮಾತ್ರ ಕಲಿಸಿದ ಗುರುವಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಮಗಿರುವ ಪಾಠ

ಈ ಚರಿತ್ರೆಯನ್ನು ಓದುವಾಗ ನಾವು ಮೊದಲು ಡಿರೋಜಿಯೊ ಅವರ ಪಕ್ಕದಲ್ಲಿಯೇ ನಿಂತೆವು. ಆಮೇಲೆ ತಿಳಿಯಿತು, ನಮ್ಮ ಕುರ್ಚಿ ಇರುವುದು ಮೇಜಿನ ಆಚೆಯ ಬದಿಯಲ್ಲಿ. ನಾವು ಆಡಳಿತ ಮಂಡಳಿಯವರು. ಸಮಾಜದ ಕಾಣಿಕೆಯಿಂದ ಶಾಲೆ ನಡೆಸುವವರು, ಪೋಷಕರ ಮುನಿಸಿಗೆ ಅಂಜುವವರು. ನಡೆದದ್ದು ಸರಿಯೇ ಎಂದು ಕೇಳಬೇಕಾದಲ್ಲಿ, ಜನ ಏನೆಂದಾರು ಎಂದು ಕೇಳುವ ಅಭ್ಯಾಸ ನಮಗೂ ಇದೆ.

ಕಲ್ಯಾಣದ ಅನುಭವ ಮಂಟಪವನ್ನು ನೆನೆಯದೆ ನಮ್ಮ ಯಾವ ಸಭೆಯೂ ಆರಂಭವಾಗುವುದಿಲ್ಲ. ಅಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯವರನ್ನು ಪ್ರಶ್ನಿಸಿದರು, ಅಕ್ಕ ಎದುರು ನಿಂತು ಉತ್ತರಿಸಿದರು. ಆಯ್ದಕ್ಕಿ ಲಕ್ಕಮ್ಮನವರು ಹೆಚ್ಚಾಗಿ ತಂದ ಅಕ್ಕಿಯ ಬಗೆಗೆ ಗಂಡ ಮಾರಯ್ಯನವರನ್ನೇ ಕೇಳಿದರು, ಮಾರಯ್ಯನವರು ಅದನ್ನು ಒಪ್ಪಿ ತಿದ್ದಿಕೊಂಡರು. ಆ ಪರಂಪರೆಯವರಾದ ನಾವು ಹದಿನೈದು ವರ್ಷದ ಬಾಲಕನ ಒಂದು ಪ್ರಶ್ನೆಗೆ ಉತ್ತರ ಕೊಡದೆ ಬಂದಿದ್ದೆವು.

ಮರುದಿನ ಕಾರ್ಯಾಲಯದಲ್ಲಿ ಪ್ರವೇಶದ ಅರ್ಜಿಯನ್ನು ತರಿಸಿ ನೋಡಿದೆವು. ಒಳಪಂಗಡದ ಅಂಕಣ ಇದೆ. ಅದನ್ನು ಯಾರು, ಯಾವಾಗ, ಯಾವ ಕಾರಣಕ್ಕೆ ಸೇರಿಸಿದರೆಂದು ವಿಚಾರಿಸಿದೆವು. ಹಿಂದಿನಿಂದ ನಡೆದು ಬಂದಿದೆ ಎಂಬುದರ ಹೊರತು ಬೇರೆ ಉತ್ತರ ಸಿಗಲಿಲ್ಲ. ಪೂಜ್ಯ ಶ್ರೀಗಳಲ್ಲಿ ನಿವೇದಿಸಿ, ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿದ್ದೇವೆ. ಬೇಕೆನ್ನುವವರ ಕಾರಣಗಳನ್ನೂ ಬೇಡವೆನ್ನುವವರ ಕಾರಣಗಳನ್ನೂ ಸಭೆ ಕೇಳಲಿದೆ.

ಆ ಬಾಲಕನನ್ನು ಕರೆದು, ನಿನ್ನ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಅದನ್ನು ಅಂದೇ ಹೇಳಬೇಕಾಗಿತ್ತು ಎಂದೆವು. ಅವನು ತುಸು ನಾಚಿಕೊಂಡ. ಆಮೇಲೆ, ಡಿರೋಜಿಯೊ ಅವರನ್ನು ಕೆಲಸದಿಂದ ತೆಗೆದದ್ದು ಪಠ್ಯಪುಸ್ತಕದಲ್ಲಿ ಏಕಿಲ್ಲ ಎಂದು ಕೇಳಿದ. ಈ ಬಾರಿ ನಾವು ಅವನ ಪಕ್ಕದಲ್ಲಿಯೇ ಕುಳಿತುಕೊಂಡೆವು.